ತಾಂಡೇಲನ ಖಾತೆ ಯಾವ ಗುಂಪಿಗೆ

ಕಂಪ್ಯೂಟರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಷ್ಟ ಅಂತ ಹೇಳುವವರ ಬಾಯಿಗೆ ಮಣ್ಣು ಬೀಳ! ಟ್ಯಾಲಿ ಸುಲಭ. ಕಷ್ಟ ಏನಿದ್ದರೂ ಅದರ ಮುಂದೆ ಕುರ್ಚಿ ಎಳೆದು ಕೂರುವ ಜನರದ್ದು.

ನಾನು ಅಮಿತಾ, ಊರು ಅಗಸೂರು, ಕೆಲಸ ಕಾರವಾರದ ಒಂದು ಆಡಿಟರ್ ಆಫೀಸಿನಲ್ಲಿ. ಹೊಸ ಪಾರ್ಟಿ ಬಂದರೆ ಅವರ ಖಾತೆಗಳನ್ನೆಲ್ಲ ಮೊದಲಿಂದ ಕಟ್ಟಿಕೊಡೂದು ನಾನೇ. ಯಾವುದು ಆಸ್ತಿ, ಯಾವುದು ಖರ್ಚು, ಯಾವುದು ಬಂಡವಾಳ ಅಂತ ಮೊದಲು ಗುಂಪು ಮಾಡಬೇಕು, ಆಮೇಲೆ ಒಂದೊಂದು ಖಾತೆಯನ್ನೂ ಅದರದರ ಗುಂಪಿಗೆ ಸೇರಿಸಬೇಕು. ಅಡಿಗೆಮನೆಯಲ್ಲಿ ಡಬ್ಬಿ ಜೋಡಿಸಿದ ಹಾಗೆ. ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದಿಟ್ಟರೆ ಅದು ಗೊತ್ತಾಗೂದು ಸಾರು ಬಾಯಿಗೆ ಇಟ್ಟ ಮೇಲೆ.

ರೋಷನ ಬಂದದ್ದು ದೀಪಾವಳಿ ಕಳೆದ ಮೇಲೆ. ಬೈತಕೋಲದಲ್ಲಿ ಅವನದ್ದೊಂದು ಮೀನಿನ ಬೋಟು. ಮಳೆಗಾಲದ ಕೊನೆಯ ಗಾಳಿಗೆ ಅದು ಮಗುಚಿ, ನಡೆಸುತ್ತಿದ್ದ ತಾಂಡೇಲ ತುಳಸಿದಾಸ ಸತ್ತಿದ್ದ. ಹೆಣ ಹಾರವಾಡದ ದಂಡೆಗೆ ಬಂದಿತ್ತು. ಮನೆಯಲ್ಲಿ ಹೆಂಡತಿ, ನರ್ಸಿಂಗ್ ಕಲಿಯುವ ಮಗಳು ಪ್ರಗತಿ. ಪುಣ್ಯಾತ್ಮ ರೋಷನ ಬೋಟಿಗೆ ವಿಮೆ ಕಟ್ಟಿರಲಿಲ್ಲ. ರಿಪೇರಿಗೆ ಸಾಲ ಬೇಕು, ಬ್ಯಾಂಕಿನವರು ಕಂಪ್ಯೂಟರಲ್ಲಿ ಮಾಡಿದ ಲೆಕ್ಕ ಕೇಳಿದ್ದಾರೆ ಅಂದ.

ಡೀಸೆಲ್ಲು, ಮೀನಿಗೆ ಹಾಕುವ ಬರ್ಫ ಖರ್ಚಿನ ಗುಂಪಿಗೆ ಹೋದವು. ಇಂಜಿನ್ನು, ಬಲೆ ಆಸ್ತಿಗೆ. ಬೋಟಿನ ಮೇಲೆ ದುಡಿಯುವ ಖಲಾಶಿಗಳ ವಿಷಯಕ್ಕೆ ಬಂದು ತೊಡಕಾಯಿತು. ಅವರಿಗೆ ಸಂಬಳ ಅಂತ ಇಲ್ಲ. ಮೀನು ಮಾರಿದ ದುಡ್ಡಲ್ಲಿ ಖರ್ಚು ಕಳೆದು, ಬೋಟಿನ ಪಾಲು ತೆಗೆದಿಟ್ಟು, ಆಳಿಗೊಂದು ಪಾಲು, ತಾಂಡೇಲನಿಗೆ ಒಂದೂವರೆ. ನಾನು ಅದನ್ನು ಕೂಲಿಯ ಗುಂಪಿಗೆ ಹಾಕಲು ಹೊರಟೆ.

"ಅಲ್ಲಲ್ಲ ಅಮಿತಾಬಾಯಿ," ಅಂದ ರೋಷನ. "ಬಂಡವಾಳದ ಗುಂಪಿಗೆ ಹಾಕಿ. ಅವರೆಲ್ಲ ಪಾಲುದಾರರು."

ನನಗೆ ತಲೆ ಬಿಸಿಯಾಯಿತು. ಕೂಲಿ ಅಂತ ಬರೆದರೆ ಇವ ಧಣಿ, ಕೆಲಸದಲ್ಲಿ ಸತ್ತವನ ಹೆಂಡತಿಗೆ ಪರಿಹಾರ ಕೊಡಬೇಕಾಗ್ತದೆ. ಪಾಲುದಾರ ಅಂತ ಬರೆದರೆ ಅವಳ ಕೈಗೆ ಚಿಪ್ಪು.

"ವಕೀಲರು ಹೇಳಿಕೊಟ್ರಾ?"

"ಹೇಳಿಕೊಟ್ರೂ ಸುಳ್ಳೆಂತ ಉಂಟು? ಬೇಕಾದ್ರೆ ಅವನ ಹೆಂಡ್ತಿಯನ್ನೇ ಕೇಳಿ. ಗಂಡ ಪಾಲುದಾರ ಅಂತ ಕಾಗದಕ್ಕೆ ಸಹಿ ಹಾಕೂಕೆ ಬಂದಾಳೆ, ಕೆಳಗೆ ನಿಂತಾಳೆ."

ತುಳಸಿದಾಸನ ಹೆಂಡತಿ ಗೋದಾವರಿ ಮೀನಿನ ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲೇ ಇಟ್ಟು ಬಂದಳು. ನಾನು ಅವಳನ್ನು ಹೊರಗೆ ಜಗಲಿಗೆ ಕರೆದುಕೊಂಡು ಹೋದೆ.

"ಅಕ್ಕಾ, ಆ ಕಾಗದಕ್ಕೆ ಸಹಿ ಹಾಕ್ಬೇಡ. ನಿನ್ನ ಗಂಡ ಕೂಲಿಗೆ ಇದ್ದವ ಅಂತ ಲೆಕ್ಕದಲ್ಲಿ ಬಂದ್ರೆ ನಿನಗೆ ದೊಡ್ಡ ದುಡ್ಡು ಸಿಗ್ತದೆ. ಪಾಲುದಾರ ಅಂತ ನೀನೇ ಬರೆದುಕೊಟ್ರೆ ನಯಾಪೈಸೆ ಇಲ್ಲ. ತಿಳೀತಾ?"

"ತಿಳೀತು," ಅಂದಳು. ಅವಳ ಮುಖ ಗಂಟಾಯಿತು. "ಆದ್ರೆ ತಂಗಿ, ಕೂಲಿಯವರು ಬೇರೆ. ದಿನಕ್ಕಿಷ್ಟು ಅಂತ ಮಾತಾಡ್ಕಂಡು ಬಲೆ ಎಳೂಕೆ ಬತ್ರಲ, ಅವರು. ನಮ್ಮವರು ತಾಂಡೇಲರು. ಸೀಸನ್ ಶುರುವಿಗೆ ಬೋಟಿನ ಮೂತಿಗೆ ಕಾಯಿ ಒಡೆಯೂದು ಅವರೇ. ಹೆಣ ಬಂದಾಗ ಪಾಲಿನ ಖಲಾಶಿಗಳೇ ಹೆಗಲು ಕೊಟ್ರು, ಕೂಲಿಯವ ಸತ್ತರೆ ಕೊಡೂದಿಲ್ಲ. ಈಗ ದುಡ್ಡಿನ ಆಸೆಗೆ ನಮ್ಮವರನ್ನ ಕೂಲಿ ಮಾಡ್ಲಾ?"

"ಮರ್ಯಾದೆ ಬೇಯಿಸ್ಕಂಡು ತಿನ್ನೂಕೆ ಆಗ್ತದಾ?" ನಾನು ಕಿರುಚಿಯೇಬಿಟ್ಟೆ. "ಪ್ರಗತಿಯ ನರ್ಸಿಂಗ್ ಫೀಸು ಯಾರ ಅಪ್ಪ ಕಟ್ತಾನೆ?"

ಅಂದು ನಾಲಿಗೆ ಕಚ್ಚಿಕೊಂಡೆ. ಗೋದಾವರಿ ಸಿಟ್ಟಾಗಲಿಲ್ಲ.

"ನನ್ನ ಮಗಳು ತಾಂಡೇಲನ ಮಗಳು ಅಂತಲೇ ತಲೆ ಎತ್ತಿ ಹೋಗ್ಲಿ. ಫೀಸಿಗೆ ನಾ ಮೀನು ಮಾರ್ತೆ," ಅಂದು ಒಳಗೆ ಹೋಗಿ ಸಹಿ ಹಾಕಿದಳು.

ಆಡಿಟರ್ ಸಾಹೇಬರ ಹತ್ತಿರ ಹೋಗಿ ಜಗಳ ಮಾಡಿದೆ. "ಪಾರ್ಟಿ ಹೇಳಿದ ಹಾಗೆ ಮಾಡು, ವಾರಸುದಾರಳ ಸಹಿಯೇ ಇದ್ದಲ," ಅಂದರು. ಬಂಡವಾಳದ ಗುಂಪು ತೆರೆದು, ಅದರೊಳಗೆ ತುಳಸಿದಾಸ ಅಂತ ಖಾತೆ ಮಾಡಿದೆ. ಕೀಬೋರ್ಡಿಗೆ ಗುದ್ದಿದ್ದು ನೋಡಿ ಪಕ್ಕದ ಟೇಬಲ್ಲಿನವರು ನಕ್ಕರು. ನಗಲಿ, ಅವರಿಗೇನು ಗೊತ್ತು.

ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಹೊಸ ಗ್ರಹಚಾರ ಕಂಡಿತು. ಪಾಲುದಾರ ಅಂದ ಮೇಲೆ ಲಾಭ ಎಲ್ಲಿಗೋ ನಷ್ಟವೂ ಅಲ್ಲಿಗೇ. ಒಡೆದ ಬೋಟು, ಕಡಲಿಗೆ ಹೋದ ಬಲೆ, ಎಲ್ಲದರ ನಷ್ಟ ಪಾಲಿನ ಪ್ರಕಾರ ಹಂಚಿಹೋಗಿತ್ತು. ತಾಂಡೇಲನದ್ದು ಒಂದೂವರೆ ಪಾಲಾದ್ದರಿಂದ ಯಾವ ಖಲಾಶಿಗಿಂತಲೂ ಅವನ ತಲೆ ಮೇಲೆ ಹೆಚ್ಚು ಬಿದ್ದಿತ್ತು. ಸತ್ತವ ಬೋಟಿಗೆ ದುಡ್ಡು ಕೊಡೂದು ಬಾಕಿ!

"ರೋಷನಣ್ಣ, ಇದನ್ನ ವಸೂಲಿ ಮಾಡೂಕೆ ಹೊರಟ್ರೆ ನೀ ಮನುಷ್ಯ ಅಲ್ಲ," ಅಂದೆ.

ಅವನೂ ಬೆವರುತ್ತಿದ್ದ. "ನಾ ಕೇಳೂದಿಲ್ಲ ಮಾರಾಯ್ತಿ. ಆದ್ರೆ ಖಲಾಶಿಗಳು ಸುಮ್ಮನಿದ್ದಾರಾ? ತಾಂಡೇಲನ ನಷ್ಟ ನಮ್ಮ ತಲೆ ಮೇಲೆ ಯಾಕೆ ಬೀಳ್ಬೇಕು ಅಂತ ಅವಳ ಮನೆ ಬಾಗಿಲಿಗೇ ಹೋಗಿ ಬಂದ್ರು."

ಹೆಗಲು ಕೊಟ್ಟವರೇ ಹೋಗಿದ್ದರು.

ಮಳೆ ಹಿಡಿಯುವ ಮೊದಲು ಗೋದಾವರಿ ಆಫೀಸಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ತಾಂಡೇಲನ ಬಾಕಿಗೆ ಅಂತ ಒದ್ದೆ ನೋಟುಗಳನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟಳು.

"ಅಕ್ಕಾ, ಕೊಡ್ಬೇಡ! ಕೋರ್ಟಿಗೆ ಹೋಗುವ. ನಿನಗೆ ಒತ್ತಾಯ ಮಾಡಿ ಸಹಿ ಹಾಕಿಸಿದ್ರು ಅಂತ ನಾ ಸಾಕ್ಷಿ ಹೇಳ್ತೆ. ಕೆಲಸ ಹೋದ್ರೆ ಹೋಗ್ಲಿ."

"ಒತ್ತಾಯ ಯಾರು ಮಾಡಿದ್ರು? ನಾನೇ ಹಾಕಿದ್ದು," ಅಂದಳು. "ಲಾಭದ ದಿನ ಒಂದೂವರೆ ಪಾಲು ತಂದ್ರು, ಎಣಿಸಿ ಒಳಗಿಟ್ಟೆ. ನಷ್ಟದ ದಿನ ನಾವು ಪಾಲಿನವರಲ್ಲ ಅಂದ್ರೆ ಜನ ಉಗಿಯೂದಿಲ್ವಾ? ರಸೀದಿ ನಮ್ಮವರ ಹೆಸರಲ್ಲೇ ಕೊಡು."

ಕೊಟ್ಟೆ. ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದೆ, "ಪ್ರಗತಿ ಕಾಲೇಜಿಗೆ ಹೋಗ್ತಾಳಲ?"

"ಬಿಡಿಸ್ದೆ. ಬಿಣಗಾದಲ್ಲಿ ಹೆದ್ದಾರಿ ಬದಿ ಒಂದು ಕಟ್ಟಡ ಏಳ್ತಾ ಉಂಟು. ಅಲ್ಲಿಗೆ ಹೋಗ್ತಾಳೆ."

"ಎಂತಾ ಕೆಲಸಕ್ಕೆ?"

ಅವಳು ರಸೀದಿಯನ್ನು ಸಣ್ಣಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದಿನಗೂಲಿ," ಅಂದಳು, ನನ್ನ ಮುಖ ನೋಡದೆ.