ಒಂಬತ್ತು ಚುಕ್ಕಿಯ ಚೀಟಿ

ಹದಿನಾರು ವರ್ಷದಿಂದ ಫೋನ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿ ದೊಡ್ಡದೇನಲ್ಲ. ಒಂದು ಮರದ ಬೆಂಚು, ಭೂತಗನ್ನಡಿ ಹಾಕಿದ ದೀಪ, ಬಿಸಿಗಾಳಿ ಊದುವ ಯಂತ್ರ, ಅಷ್ಟೇ. ಇಬ್ಬರು ಗಿರಾಕಿಗಳು ಬಂದರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕು. ಆದರೆ ಈ ಬೀದಿಯ ಅರ್ಧ ಜನರ ಸಂಸಾರ ಒಂದಲ್ಲ ಒಂದು ದಿನ ಈ ಬೆಂಚಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ. ನಾನು ಯಾರದೂ ಒಂದು ಫೋಟೊ ತೆರೆದು ನೋಡಿದವನಲ್ಲ, ಒಂದು ಮೆಸೇಜು ಓದಿದವನಲ್ಲ. ಈ ವಿಷಯದಲ್ಲಿ ನನಗೆ ಬೇಕಾದಷ್ಟು ಜಂಬ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ, ಗಮನಿಸಿ.

ಪಕ್ಕದ ಕಟಿಂಗ್ ಶಾಪಿನವನಿಗೆ ನನ್ನ ಜಂಬ ಕಂಡರೆ ಆಗುತ್ತಿರಲಿಲ್ಲ. "ನಮ್ಮಂಥೋರ ಫೋನಲ್ಲಿ ಮುಚ್ಚಿಡೋಕೆ ಏನಿದೆ ಮಾರಾಯ? ತಪ್ಪು ಮಾಡದೋನಿಗೆ ಯಾಕೆ ಭಯ?" ಎಂದು ಅವನ ವಾದ. "ಹಾಗಾದ್ರೆ ನಿನ್ನ ಫೋನ್ ಕೊಡು, ಬೀದಿಗೆ ಕೇಳೋ ಹಾಗೆ ಓದ್ತೀನಿ" ಎಂದರೆ ಮಾತ್ರ ಕತ್ತರಿ ಕೆಳಗಿಟ್ಟು ಜೇಬು ಮುಟ್ಟಿಕೊಳ್ಳುತ್ತಿದ್ದ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಫೋನ್ ಬಂದ ಕೂಡಲೇ ಬೆರಳಗಲದ ಒಂದು ಅಂಟುಚೀಟಿಯ ಮೇಲೆ ಗಿರಾಕಿಯ ಹೆಸರು, ತಾರೀಖು, ಏನು ಕೆಟ್ಟಿದೆ ಎಂದು ಬರೆಯುತ್ತೇವೆ. ಅದರ ಕೆಳಗೆ ಒಂಬತ್ತು ಚುಕ್ಕಿ ಇಟ್ಟು, ಅವರು ಲಾಕ್ ತೆಗೆಯಲು ಬೆರಳನ್ನು ಹೇಗೆ ಎಳೆಯುತ್ತಾರೋ ಹಾಗೆ ಗೆರೆ ಎಳೆದು, ಶುರುವಾಗುವ ಕಡೆ ಒಂದು ಬಾಣ ಹಾಕಿ, ಚೀಟಿಯನ್ನು ಫೋನಿನ ಬೆನ್ನಿಗೆ ಅಂಟಿಸುತ್ತೇವೆ. ಇಲ್ಲದಿದ್ದರೆ ರಿಪೇರಿ ಆದಮೇಲೆ ತೆರೆದು ಪರೀಕ್ಷೆ ಮಾಡುವುದು ಹೇಗೆ? ಗಿರಾಕಿ ಬಂದಾಗ ಬಿಲ್ಲು ಬರೆದು, ಚೀಟಿ ಕಿತ್ತು, ಫೋನ್ ಕೈಗೆ ಕೊಡುವುದು. ಕಿತ್ತ ಚೀಟಿಯನ್ನು ನಾನು ಕಸದ ಬುಟ್ಟಿಗೆ ಹಾಕುವುದಿಲ್ಲ. "ಬುಟ್ಟಿ ಬೀದಿಗೆ ಹೋಗುತ್ತಪ್ಪಾ, ಬೆಂಚಿನ ಅಡಿಗೆ ಅಂಟಿಸು" ಎಂದು ನನಗೆ ಕೆಲಸ ಕಲಿಸಿದ ಯಜಮಾನರು ಹೇಳಿದ್ದರು. ಹದಿನಾರು ವರ್ಷ ಹಾಗೇ ಮಾಡಿದೆ. ಅದೇ ದೊಡ್ಡ ಜಾಣತನ ಎಂದುಕೊಂಡಿದ್ದೆ.

ನನಗೆ ಒಬ್ಬಳೇ ತಂಗಿ. ಔಷಧಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಪ್ಯಾಕಿಂಗ್ ಕೆಲಸ. ಮಾತು ಕಡಿಮೆ, ಹಿಡಿದದ್ದು ಬಿಡುವವಳಲ್ಲ. ಈ ವರ್ಷ ಅವರ ಕಾರ್ಖಾನೆಯಲ್ಲಿ ಹೆಂಗಸರ ಪಾಯಿಖಾನೆಯ ಬಾಗಿಲಿಗೆ ಒಂದು ಹೆಬ್ಬೆಟ್ಟಿನ ಯಂತ್ರ ತಂದು ಕೂರಿಸಿದರು. ಹೋಗುವಾಗ ಹೆಬ್ಬೆಟ್ಟು ಒತ್ತಬೇಕು, ಬರುವಾಗ ಒತ್ತಬೇಕು. ಎಷ್ಟು ಸಲ ಹೋದರು, ಎಷ್ಟು ನಿಮಿಷ ಕೂತರು ಎಂದು ವಾರದ ಕೊನೆಗೆ ಪಟ್ಟಿ ಗೋಡೆಗೆ ಹಾಕುತ್ತಿದ್ದರು, ಗಂಡಸರೂ ಓಡಾಡುವ ಗೋಡೆಗೆ.

ತಂಗಿ ಒಬ್ಬ ವಕೀಲಮ್ಮನನ್ನು ಹುಡುಕಿಕೊಂಡು ಹೋದಳು. ಅವರು, "ಒಬ್ಬೊಬ್ಬರೂ ತಮ್ಮ ಕಷ್ಟ ತಮ್ಮ ಬಾಯಲ್ಲೇ ಹೇಳ್ಲಿ, ರೆಕಾರ್ಡ್ ಮಾಡಿ ತನ್ನಿ" ಎಂದರು. ಹನ್ನೊಂದು ಹೆಂಗಸರು ನಂಬಿ ತಂಗಿಯ ಫೋನಿಗೆ ಮಾತಾಡಿದರು. ಅವರಲ್ಲಿ ಒಬ್ಬಳು ಮುಚ್ಚಳ ಹಾಕುವ ಸಾಲಿನ ಹುಡುಗಿ. ಗಾಳಿಗೆ ಹಾರಿಹೋಗುವ ಹಾಗಿದ್ದಾಳೆಂದು ಎಲ್ಲರೂ ಸಣ್ಣಿ ಎಂದು ಕರೆಯುತ್ತಿದ್ದರು. ಅವಳು ಹೇಳಿದ್ದು ಇಷ್ಟು: "ನಂಗೀಗ ಮೂರು ತಿಂಗಳು. ಎರಡು ಸಲ ನಿಲ್ಲಲಿಲ್ಲ, ಅದಕ್ಕೇ ಈ ಸಲ ಅತ್ತೆಗೂ ಹೇಳಿಲ್ಲ. ಗಂಟೆಗೊಂದು ಸಲ ಹೋಗ್ಲೇಬೇಕು. ಪಟ್ಟೀಲಿ ನನ್ನ ಹೆಸರೇ ಮೊದಲು ಬರುತ್ತೆ."

ಅದಾದ ಮೇಲೆ ಒಂದು ದಿನ ತಂಗಿಯ ಫೋನ್ ಮೆಟ್ಟಿಲ ಮೇಲೆ ಬಿದ್ದು ಪರದೆ ಒಡೆಯಿತು. ಬೆಳಿಗ್ಗೆ ಕೊಟ್ಟಳು, ಸಂಜೆ ಒಯ್ದಳು. ಸ್ವಂತ ತಂಗಿ, ಚೀಟಿ ಬರೆಯುವ ಅಗತ್ಯವೇ ಇರಲಿಲ್ಲ. ಆದರೂ ಕೈ ಅಭ್ಯಾಸದಿಂದ ಬರೆಯಿತು, ಅಂಟಿಸಿತು. ಅವಳು ಬಂದಾಗ ಬಿಲ್ಲು ಬರೆಯಲಿಲ್ಲ, ತಂಗಿಗೆಂಥ ಬಿಲ್ಲು? ಬಿಲ್ಲು ಬರೆಯದಿದ್ದುದರಿಂದ ಚೀಟಿ ಕೀಳುವುದೂ ಮರೆತುಹೋಯಿತು. ಅದರ ಮೇಲೇ ಅವಳ ಕಪ್ಪು ಪೌಚು ಹಾಕಿ ಕೊಟ್ಟುಬಿಟ್ಟೆ.

ಕಾರ್ಖಾನೆಯ ಒಳಗೆ ಫೋನ್ ಬಿಡುವುದಿಲ್ಲ. ಗೇಟಿನಲ್ಲಿ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಪೌಚಿನ ಹಿಂದೆ ಯಾರಾದರೂ ಏನಾದರೂ ಬಚ್ಚಿಟ್ಟಿದ್ದಾರೋ ಎಂದು ಗೇಟಿನವರು ಬಿಚ್ಚಿ ನೋಡುವುದೂ ಉಂಟು. ಇದು ನನಗೆ ಗೊತ್ತಿತ್ತು. ಅವಳೇ ಎಷ್ಟೋ ಸಲ ಬೈದುಕೊಂಡು ಹೇಳಿದ್ದಳು.

ಆರು ದಿನ ಕಳೆದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ತಂಗಿ ಅಂಗಡಿಗೆ ಬಂದಳು. ಪಾಳಿ ಮುಗಿಯಲು ಇನ್ನೂ ಮೂರು ಗಂಟೆ ಇತ್ತು.

"ಏನೇ, ಇಷ್ಟು ಬೇಗ?"

"ಹನ್ನೊಂದು ಜನಾನೂ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದ್ರು ಅಣ್ಣ. ಯಾರ್ಯಾರು ಏನೇನು ಹೇಳಿದ್ರೋ ಬರೆದಿಟ್ಟುಕೊಂಡು ಅವರಿಗೇ ಓದಿ ಹೇಳಿದ್ರು. ಸಣ್ಣಿಗೆ, 'ಎರಡು ಸಲ ನಿಲ್ಲಲಿಲ್ಲವಂತಲ್ಲಮ್ಮ, ಮನೇಲಿರು, ಹಗುರದ ಕೆಲಸ ಇದ್ದಾಗ ಕರೀತೀವಿ' ಅಂದ್ರಂತೆ. ಅವಳು ಅಲ್ಲೇ ಕುಸಿದು ಕೂತ್ಲು." ಫೋನ್ ಬೆಂಚಿನ ಮೇಲಿಟ್ಟಳು. "ಇದನ್ನ ಯಾರೋ ತೆಗೆದು ನೋಡಿದಾರೆ. ಹೇಗೆ ತೆಗೆದ್ರು ಅಂತ ಸ್ವಲ್ಪ ನೋಡು."

ಪೌಚು ಬಿಚ್ಚಿದೆ. ನನ್ನದೇ ಅಕ್ಷರ. ನನ್ನದೇ ಬಾಣ. 'ತಂಗಿ, ಪರದೆ' ಎಂದು ದುಂಡಗೆ ಬರೆದಿದ್ದೆ. ದೀಪ ಸರಿಮಾಡುವವನಂತೆ ಅವಳಿಗೆ ಬೆನ್ನು ಮಾಡಿ, ಉಗುರಿನಿಂದ ಚೀಟಿ ಎಬ್ಬಿಸಿ ಬೆಂಚಿನ ಅಡಿಗೆ ಅಂಟಿಸಿಬಿಟ್ಟೆ. ಆಮೇಲೆ ಒಂದೆರಡು ನಿಮಿಷ ಫೋನನ್ನು ಅತ್ತ ಇತ್ತ ತಿರುಗಿಸಿ ಪಂಡಿತನ ಹಾಗೆ ನೋಡಿದೆ.

"ಒಡೆದು ತೆಗೆದ ಗುರುತೇನೂ ಇಲ್ಲ," ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. "ನಿಮ್ಮಲ್ಲೇ ಯಾರೋ ಅವರ ಕಿವಿಗೆ ಊದಿರಬೇಕು ನೋಡು," ಎಂದುಬಿಟ್ಟೆ.

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಹೌದಾ?" ಎಂದಳು. ಫೋನ್ ತೆಗೆದುಕೊಂಡು ಹೋದಳು.

ಆಮೇಲಿನ ಹತ್ತೊಂಬತ್ತು ದಿನದ ಬಗ್ಗೆ ಬರೆಯಲು ನನಗೆ ನಾಚಿಕೆ. ಹನ್ನೊಂದು ಜನರ ಮಾತು ಇದ್ದದ್ದು ಒಬ್ಬಳ ಫೋನಿನಲ್ಲಿ. ಮಾತು ಹೊರಗೆ ಹೋಗಿದೆ ಎಂದರೆ ಅವಳೇ ಕೊಟ್ಟಿದ್ದಾಳೆ ಎಂದು ಯಾರಾದರೂ ಎಣಿಸುತ್ತಾರೆ. ಊಟದ ಬಿಡುವಿನಲ್ಲಿ ಅವಳು ಕೂತ ಬೆಂಚಿನಿಂದ ಉಳಿದವರು ಎದ್ದುಹೋಗುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ತಂಗಿಯಲ್ಲ, ಕಟಿಂಗ್ ಶಾಪಿನವನು. ಅವನಿಗೆ ಗೊತ್ತಾಗದ ಸುದ್ದಿ ಯಾವುದಿದೆ?

"ನಿನ್ನ ತಂಗೀನ ಸೂಪರ್‌ವೈಸರ್ ಮಾಡ್ತಾರಂತೆ, ಹೌದೇನು? ಅದಕ್ಕೇ ಎಲ್ಲಾ ಹೇಳ್ಬಿಟ್ಲಂತೆ?"

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೆಂಚಿಗೆ ಕುಕ್ಕಿದೆ. "ಯಾರೋ ಹೇಳಿದ್ದು ಅದು? ನಾಲಿಗೆ ಬಿಗಿ ಹಿಡಿದು ಮಾತಾಡು!"

"ಅಯ್ಯೋ, ನಿನ್ನನ್ನ ಅಂದ್ನಾ ನಾನು? ನೀನ್ಯಾಕಪ್ಪ ಬೆವರ್ತಿದೀಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಬೆಂಚಿನ ಅಡಿಗೆ ಹೋಗಿತ್ತು. ದಿನಕ್ಕೆ ಹತ್ತು ಸಲ ಹೀಗೆ ಆ ಚೀಟಿಯನ್ನು ಬೆರಳಿನಿಂದ ತಡವಿ, ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಹರಿದು ಹಾಕಲು ಧೈರ್ಯ ಬರಲಿಲ್ಲ, ಹೇಳಲೂ ಬರಲಿಲ್ಲ. ಇವತ್ತು ಬೇಡ, ನಾಳೆ ಹೇಳಿದರಾಯಿತು. ನಾಳೆ ಒಬ್ಬ ಗಿರಾಕಿ ಬಂದು, "ನಿಮ್ಮ ಹತ್ರ ಕೊಟ್ರೆ ನಿಶ್ಚಿಂತೆ ಸಾರ್" ಎನ್ನುತ್ತಿದ್ದ. ಆ ಒಂದು ಮಾತಿಗೆ ನಾಳೆಯೂ ಹೋಗುತ್ತಿತ್ತು.

ಇಪ್ಪತ್ತನೆಯ ದಿನ ತಂಗಿ ಫೋನ್ ಮಾಡಿದಳು. "ವಕೀಲಮ್ಮ ಎಲ್ಲರನ್ನೂ ಕರೆದಿದಾರೆ. ಫೋನಿನ ವಿಷಯ ನಿಂಗೆ ಗೊತ್ತಾಗುತ್ತೆ. ಬರ್ತೀಯಾ ಅಣ್ಣ?"

ವಕೀಲಮ್ಮನ ಆಫೀಸು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಯಂತ್ರ ಓಡಿದಾಗೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು. ಒಂದು ಗೋಡೆಗೆ ಒತ್ತಿಕೊಂಡು ಹನ್ನೊಂದು ಹೆಂಗಸರು, ಎದುರು ಗೋಡೆಗೆ ನನ್ನ ತಂಗಿ ಒಬ್ಬಳೇ. ಅವರಲ್ಲಿ ಸಣ್ಣಿ ಮಾತ್ರ ಕುರ್ಚಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಕೈಚೀಲ ಬಿಗಿಯಾಗಿ ಹಿಡಿದು.

ವಕೀಲಮ್ಮ ತಾವು ಕಳಿಸಿದ್ದ ನೋಟಿಸಿಗೆ ಕಾರ್ಖಾನೆಯವರು ಕೊಟ್ಟ ಉತ್ತರ ಓದಿದರು. ಕೆಲಸಗಾರರಲ್ಲೇ ಒಬ್ಬರು ಸ್ವಇಚ್ಛೆಯಿಂದ ನಮಗೆ ವಿಷಯ ತಿಳಿಸಿದ್ದಾರೆ, ನಾವು ಯಾರ ಫೋನನ್ನೂ ಮುಟ್ಟಿಲ್ಲ ಎಂದು ಅದರಲ್ಲಿ ಇತ್ತು.

"ಅವರು ತೆಗೆದು ನೋಡಿದ್ರು ಅಂತ ತೋರಿಸೋಕಾದ್ರೆ ನಮ್ಮ ಕೈ ಬಲ ಆಗುತ್ತೆ," ಎಂದು ನನ್ನ ಕಡೆ ತಿರುಗಿದರು. "ನೀವು ರಿಪೇರಿಯವರಲ್ವಾ? ಪ್ಯಾಟರ್ನ್ ಗೊತ್ತಿಲ್ಲದೆ, ಫೋನಿಗೆ ಏನೂ ಆಗದ ಹಾಗೆ, ಗೇಟಿನವರಿಗೆ ಅದನ್ನ ತೆಗೆಯೋಕಾಗುತ್ತಾ?"

"ಆಗಲ್ಲ," ಎಂದೆ. ಅದು ನಿಜವೇ ಆಗಿತ್ತು.

ಹತ್ತು ಮುಖಗಳು ಒಟ್ಟಿಗೆ ನನ್ನ ತಂಗಿಯ ಕಡೆ ತಿರುಗಿದವು. ಸಣ್ಣಿ ಮಾತ್ರ ನೆಲ ನೋಡುತ್ತಲೇ ಹೇಳಿದಳು. "ಅಕ್ಕಾ, ನಾನು ನಿಂಗೊಬ್ಬಳಿಗೇ ಹೇಳಿದ್ದೆ. ನಮ್ಮ ಅತ್ತೆಗೆ ಅದು ಗೇಟಿನವನ ಹೆಂಡತಿ ಬಾಯಿಂದ ಗೊತ್ತಾಯ್ತು."

ತಂಗಿ ಸಣ್ಣಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು, ಅವತ್ತು ಅಂಗಡಿಯಲ್ಲಿ ನೋಡಿದ ಹಾಗೆಯೇ. ನನಗೆ ತಡೆಯಲಾಗಲಿಲ್ಲ.

"ಅವಳಲ್ಲ," ಎಂದೆ. "ನಾನು. ಪ್ಯಾಟರ್ನ್ ಬರೆದ ಚೀಟಿ ಫೋನಿನ ಬೆನ್ನ ಮೇಲೆ ಬಿಟ್ಟುಬಿಟ್ಟಿದ್ದೆ. ಆಮೇಲೆ ಅವಳು ತಂದು ತೋರಿಸಿದಾಗ ಕಿತ್ತು ಬಚ್ಚಿಟ್ಟೆ."

ಕೆಳಗೆ ಜೆರಾಕ್ಸ್ ಯಂತ್ರ ಯಾರದೋ ನೂರು ಪ್ರತಿ ತೆಗೆಯುತ್ತಲೇ ಇತ್ತು. ಸಣ್ಣಿ ತಲೆ ಎತ್ತಿ ನನ್ನನ್ನು ಮೊದಲ ಸಲ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಚೀಟಿ ಇದೆಯಾ?" ಎಂದರು ವಕೀಲಮ್ಮ.

"ಅಂಗಡೀಲಿದೆ."

ಅರ್ಧ ಗಂಟೆಯಲ್ಲಿ ಅಂಗಡಿಯಲ್ಲಿದ್ದೆವು. ವಕೀಲಮ್ಮ, ತಂಗಿ, ಹಿಂದೆ ಬೀದಿಯಲ್ಲಿ ನಿಂತ ನಾಲ್ಕೈದು ಹೆಂಗಸರು. ಸಾಮಾನು ತೆಗೆದಿಟ್ಟು ಬೆಂಚನ್ನು ಮಗುಚಿದೆ. ಅದರ ಅಡಿಭಾಗ ನಾನೂ ಪೂರ್ತಿ ನೋಡಿದ್ದು ಅವತ್ತೇ. ಒಂದರ ಮೇಲೊಂದು ಚೀಟಿ, ಮರ ಕಾಣದಷ್ಟು. ಹಳದಿ ತಿರುಗಿದವು, ಹೊಸವು. ಎಲ್ಲದರ ಮೇಲೂ ಹೆಸರು, ಒಂಬತ್ತು ಚುಕ್ಕಿ, ಗೆರೆ, ಬಾಣ. ಟೈಲರಣ್ಣ, ಟೀಚರಮ್ಮ, ಮೇಲಿನ ಮನೆ ಅಜ್ಜಿ, ಕಟಿಂಗ್ ಶಾಪು. ಅರ್ಧ ಬೀದಿಯ ಬೀಗದ ಕೈ ಇಷ್ಟು ವರ್ಷ ನನ್ನ ಮೊಣಕಾಲಿನ ಮೇಲೆ ತೂಗಾಡುತ್ತಿತ್ತು.

"ಏನ್ರೀ ಇದು?" ಎಂದರು ವಕೀಲಮ್ಮ, ಮೆಲ್ಲಗೆ.

"ಹುಷಾರಾಗಿರಲಿ ಅಂತ..." ಎಂದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಕೇಳಿದ್ದೆ. ಹೊಲ ಕಾಯುತ್ತಿದ್ದೇನೆ ಎಂದು ನಂಬಿಕೊಂಡೇ ಮೇಯುವ ಬೇಲಿಯೂ ಇರುತ್ತದೆ ಎಂದು ಗೊತ್ತಿರಲಿಲ್ಲ.

ಕತ್ತರಿ ಹಿಡಿದುಕೊಂಡೇ ಬಂದ ಕಟಿಂಗ್ ಶಾಪಿನವನು ಬಗ್ಗಿ ತನ್ನ ಚೀಟಿ ಹುಡುಕಿ ಕಿತ್ತುಕೊಂಡ. ತಪ್ಪು ಮಾಡದವನಿಗೆ ಯಾಕೆ ಭಯ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಕೀಲಮ್ಮ ತಂಗಿಯ ಚೀಟಿಯ ಫೋಟೊ ತೆಗೆದರು. "ಫೋನಿನ ಮೇಲೇ ಇದ್ದಿದ್ರೆ ಇದಕ್ಕೆ ಬೇರೇನೇ ತೂಕ ಇರ್ತಿತ್ತು. ಈಗ ಇದನ್ನ ನೀವೇ ನಿನ್ನೆ ಬರೆದಿದ್ದು ಅಂತಾರೆ," ಎಂದರು. "ಆದ್ರೂ ನಿಮ್ಮ ಹೇಳಿಕೆ ಬರೆದುಕೊಡಿ. ಪೌಚು ಬಿಚ್ತಾರೆ ಅಂತ ಇವರೆಲ್ಲ ಹೇಳ್ತಾರೆ. ಬೀಗದ ಕೈ ದಾರೀಲಿ ಸಿಕ್ತು ಅಂದ ಮಾತ್ರಕ್ಕೆ ಮನೆಯೊಳಗೆ ನುಗ್ಗೋ ಹಕ್ಕು ಯಾರಿಗೂ ಇಲ್ಲ. ಗೆಲ್ತೀವಿ ಅಂತ ಹೇಳಲ್ಲ, ಕೇಳೋದಂತೂ ಕೇಳೋಣ."

ನಾನು ತಂಗಿಯ ಹತ್ತಿರ ಹೋದೆ. "ತಪ್ಪಾಯ್ತು ಕಣೇ. ಅವತ್ತೇ ನಿಂಗೆ ಹೇಳಬೇಕಿತ್ತು."

"ನಂಗೆ ಅವತ್ತೇ ಗೊತ್ತಿತ್ತು ಅಣ್ಣ."

"ಏನು?"

"ಚೀಟಿ ನಾನು ಅವತ್ತು ಕಾರ್ಖಾನೆಯಿಂದ ಬರೋ ದಾರೀಲೇ ನೋಡಿದ್ದೆ. ಪೌಚು ಸಡಿಲ ಆಗಿತ್ತು, ಬಿಚ್ಚಿ ನೋಡ್ದೆ. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ಮತ್ತೆ ಹಾಗೇ ಪೌಚು ಹಾಕಿ ನಿನ್ನ ಹತ್ರ ತಂದೆ." ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು. "ನೀನೇ ಹೇಳ್ತೀಯ ಅಂದುಕೊಂಡೆ. ನೀನು ಬೆನ್ನು ತಿರುಗಿಸ್ದೆ."

"ಮತ್ತೆ ಇಷ್ಟು ದಿನ ಅವರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಈ ಬೀದೀಲಿ ನಿನ್ನ ಕೈಗೆ ಯಾರು ಫೋನ್ ಕೊಡ್ತಿದ್ರು? ನಾಳೆ ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ."

ಬಾಗಿಲ ಬಳಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಒಳಗೆ ಬಂದು ತಂಗಿಯ ತೋಳು ಹಿಡಿದಳು. ಹಾಗೇ ಹಿಡಿದುಕೊಂಡು ನಿಂತಳು. ಸಣ್ಣಿ ಬಂದಿರಲಿಲ್ಲ. ಅವಳು ಹೇಳಬೇಕೆಂದಿದ್ದ ಸುದ್ದಿಯನ್ನು ಬೇರೆ ಯಾರೋ ಹೇಳಿಯಾಗಿತ್ತು. ಅದನ್ನು ಯಾವ ಹೇಳಿಕೆ ಬರೆದುಕೊಟ್ಟರೂ ನಾನು ವಾಪಸು ತರಲಾರೆ.

"ಮೊದಲು ಆ ಪ್ಯಾಟರ್ನ್ ಬದಲಾಯಿಸಿ," ಎಂದು ವಕೀಲಮ್ಮ ತಂಗಿಗೆ ಹೇಳಿದರು.

ತಂಗಿ ಫೋನ್ ತೆಗೆದಳು. ಅವಳು ಮೊದಲ ಫೋನ್ ಕೊಂಡ ದಿನ ಲಾಕ್ ಹಾಕುವುದು ಹೇಗೆ ಎಂದು ತೋರಿಸಿಕೊಟ್ಟವನು ನಾನೇ, ಇದೇ ಬೆಂಚಿನ ಮುಂದೆ, ಅವಳ ಬೆರಳು ಹಿಡಿದು. ಈಗ ಅವಳು ಪರದೆಯ ಮೇಲೆ ಬೆರಳಿಡುವ ಮೊದಲು ಒಂದು ಕ್ಷಣ ತಡೆದಳು. ಆಮೇಲೆ ನನಗೆ ಬೆನ್ನು ತಿರುಗಿಸಿ ನಿಂತು, ಹೊಸ ಗೆರೆ ಎಳೆದಳು.