ಹಗ್ಗದ ಮೇಲ್ತುದಿ

"ಮೇಡಂ, ನಿಮ್ಮ ತಲೆನೋವು ಬಂದಿದೆ," ಎಂದು ಬೀಗದಣ್ಣ ಬಾಗಿಲಲ್ಲೇ ನಿಂತು ಕೂಗಿದ.

ಸಂಯೋಜಕಿ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡಿದ್ದ ಚಹಾವನ್ನು ಪಕ್ಕಕ್ಕಿಟ್ಟು ಮೇಜಿನ ಮೇಲಿನ ಫೋನನ್ನು ಹತ್ತಿರ ಎಳೆದುಕೊಂಡಳು. ಸೋಮವಾರ ಒಂಬತ್ತೂಕಾಲು ಎಂದರೆ ಈ ತಲೆನೋವಿನ ಹೊತ್ತು. ಬೀಗದಣ್ಣನ ಹಿಂದಿನಿಂದ ನಡುವಯಸ್ಸಿನ ಗಂಡಸೊಬ್ಬ ಒಳಗೆ ಬಂದ. ಅಗಲವಾದ ಹೆಗಲು, ಸೊಂಟದಲ್ಲಿ ಕೊಂಚ ಬಾಗಿದ ನಡಿಗೆ. ಕುರ್ಚಿಯ ಅಂಚಿನಲ್ಲಿ ಕೂತವನು ಅವಳ ಮುಖ ನೋಡಲಿಲ್ಲ, ಫೋನನ್ನು ನೋಡಿದ.

ಗೇಟಿನ ಬೋರ್ಡಿನ ಮೇಲೆ 'ತಾತ್ಕಾಲಿಕ ವಸತಿ ಕೇಂದ್ರ' ಎಂದು ಬರೆದಿತ್ತು. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರನ್ನು, ಇರಗೊಡಬೇಕೋ ವಾಪಸು ಕಳಿಸಬೇಕೋ ಎಂದು ಎಲ್ಲೋ ಕೂತ ಇನ್ಯಾರೋ ತೀರ್ಮಾನಿಸುವ ತನಕ ಅಲ್ಲಿ ಕೂಡಿಹಾಕುತ್ತಿದ್ದರು. ಜೈಲಿನಲ್ಲಾದರೆ ಇಷ್ಟು ದಿನ ಕಳೆಯಿತು, ಇಷ್ಟು ಉಳಿಯಿತು ಎಂದು ಗೋಡೆಯ ಮೇಲೆ ಗೀಚಬಹುದು. ಇಲ್ಲಿ ಎಣಿಸುವುದಕ್ಕೆ ಕೊನೆಯ ದಿನವೇ ಇರಲಿಲ್ಲ. ಅಂಥ ತೊಂಬತ್ತು ಜನರ ಮನಸ್ಸಿನ ಆರೋಗ್ಯ ನೋಡಿಕೊಳ್ಳುವ ಏರ್ಪಾಟು ಅವಳ ಕೆಲಸ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಗುರುವಾರ ಮಾತ್ರ ಬರುವ ಡಾಕ್ಟರು, ಫೋನಿನಲ್ಲಿ ಸಿಗುವ ದುಭಾಷಿ, ಔಷಧಿ, ಕಾವಲಿನವರ ಪಾಳಿ, ಈ ಎಳೆಗಳನ್ನೆಲ್ಲ ಸೇರಿಸಿ ಹೊಸೆಯುವವಳು. ಹನ್ನೊಂದು ವರ್ಷದಿಂದ ಹೊಸೆಯುತ್ತಿದ್ದಳು.

"ಹಲೋ ಮೇಡಮ್ಮಾ," ಎಂದಿತು ಫೋನು. ಆ ಭಾಷೆ ಬಲ್ಲ ದುಭಾಷಿ ಒಬ್ಬಳೇ ಇದ್ದದ್ದು, ದೂರದ ಯಾವುದೋ ಊರಿನ ಮುದುಕಿ. ಸಂಯೋಜಕಿ ಅವಳನ್ನು ಕಂಡಿರಲಿಲ್ಲ. ಹಿಂದೆ ಕೋಳಿಗಳು ಕೆದಕಾಡುವ ಸದ್ದು ಮಾತ್ರ ಗೊತ್ತಿತ್ತು.

"ಅಜ್ಜಿ, ಇವತ್ತೇನಂತೆ ಕೇಳಿ."

ಅಜ್ಜಿ ಕೇಳಿದಳು. ಆತ ಫೋನಿನ ಕಡೆಗೆ ಬಗ್ಗಿ ಮಾತಾಡತೊಡಗಿದ. ಮಾತಾಡಿದ, ಕೈ ಆಡಿಸಿದ, ನಡುವೆ ಒಮ್ಮೆ ನಕ್ಕ. ಅಜ್ಜಿಯೂ ಏನೋ ಅಂದಳು. ಗೋಡೆ ಗಡಿಯಾರದಲ್ಲಿ ಹತ್ತು ನಿಮಿಷ ಸರಿಯಿತು.

"ಹೊಟ್ಟೆನೋವಂತೆ," ಎಂದಳು ಅಜ್ಜಿ ಕೊನೆಗೆ.

"ಅಷ್ಟುದ್ದ ಮಾತಾಡಿದ್ದು ಬರೀ ಹೊಟ್ಟೆನೋವಾ?"

"ಮಿಕ್ಕಿದ್ದೆಲ್ಲ ಅವರ ಕಡೆ ಸುದ್ದಿ, ಬಿಡಿ."

ಸಂಯೋಜಕಿ 'ಹೊಟ್ಟೆನೋವು, ಮಾತ್ರೆ' ಎಂದು ಬರೆದು ಸಹಿ ಹಾಕಿದಳು.

ಆ ಗುರುವಾರ ಡಾಕ್ಟರು ಬಂದಾಗ ಮಾತು ಅಲ್ಲಿಗೇ ಬಂತು. ಬೀಗದಣ್ಣ ಕಾವಲಿನವರ ಮೇಲಿನವನು. ಸೊಂಟದ ಬೀಗದಕೈ ಗೊಂಚಲು ಅವನಿಗಿಂತ ಎರಡು ಹೆಜ್ಜೆ ಮುಂಚೆಯೇ ಬಂದೆನೆಂದು ಹೇಳುತ್ತಿತ್ತು. "ಏಳು ವಾರ, ಏಳು ಕಾಯಿಲೆ ಸಾರ್. ತಲೆ, ಕಿವಿ, ಮಂಡಿ, ಈಗ ಹೊಟ್ಟೆ. ಮೇಲಿಂದ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಿದೆ. ಮಾತ್ರೆ ಕೊಟ್ಟರೆ ನುಂಗೋದೂ ಇಲ್ಲ, ದಿಂಬಿನ ಕೆಳಗೆ ಎಲ್ಲ ಹಾಗೇ ಇವೆ. ಶುದ್ಧ ನಾಟಕ."

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೆಟ್ಟವನು ಅಂತ ನಾನು ಹೇಳಲ್ಲಮ್ಮಾ. ಆದ್ರೆ ದುಭಾಷಿ ನಮಗೆ ಸಿಗೋದು ವಾರಕ್ಕೆ ನಾಲ್ಕೇ ಗಂಟೆ. ಈಚೆಗೆ ಬಂದ ಹೆಣ್ಣುಮಗಳೊಬ್ಬಳು ಮೂರು ವಾರದಿಂದ ಕಣ್ಣು ಮುಚ್ಚಿಲ್ಲ, ಅವಳದ್ದೂ ಇದೇ ಭಾಷೆ. ಯಾರಿಗೆ ಕೊಡೋಣ ಹೇಳಿ?"

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಸಂಯೋಜಕಿ ಪಟ್ಟಿಯಲ್ಲಿ ಆತನ ಸೋಮವಾರದ ಕರೆಯನ್ನು ಹೊಡೆದುಹಾಕಿ ಅಲ್ಲಿ ಆ ಹೆಂಗಸಿನ ನೋಂದಣಿ ಸಂಖ್ಯೆ ಬರೆದಳು. ಆತನಿಗೆ ಭಾಷೆ ಬೇಡದ ಚಿತ್ರದ ಕಾರ್ಡು ತೋರಿಸಿದರಾಯಿತು ಎಂದು ತೀರ್ಮಾನವಾಯಿತು. ಆ ಹೆಂಗಸು ಎರಡು ವಾರದಲ್ಲಿ ನಿದ್ದೆ ಮಾಡತೊಡಗಿದಳು. ಮಾಡಿದ್ದು ಸರಿಯೇ ಎಂದು ಸಂಯೋಜಕಿಗೆ ಅನ್ನಿಸಿತು.

ಮುಂದಿನ ಸೋಮವಾರ ಆತ ಬಂದು ಕೂತಾಗ ಅವಳು ಕಾರ್ಡು ಮುಂದಿಟ್ಟಳು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ, ಒಂದು ಮೈಯ ಚಿತ್ರ. ಎಲ್ಲಿ ನೋವು ಎಂದು ಬೆರಳಿಡಬೇಕು. ಆತ ಕಾರ್ಡನ್ನು ಬಹಳ ಹೊತ್ತು ನೋಡಿದ. ಹಿಂದೆ ಏನಾದರೂ ಇದೆಯೋ ಎಂದು ಮಗುಚಿ ನೋಡಿದ. ಹಿಂದೆ ಬರೀ ಬಿಳಿ. ಫೋನಿನ ಕಡೆ ಕೈ ತೋರಿಸಿದ. ಅವಳು ತಲೆಯಾಡಿಸಿ ಇಲ್ಲವೆಂದಳು. ಆತ ಎದ್ದು ಹೋದ. ಅದರ ಮುಂದಿನ ವಾರವೂ ಹಾಗೇ.

ಮೂರನೆಯ ಸೋಮವಾರ ಆತ ಕಾರ್ಡನ್ನು ಮುಟ್ಟಲೇ ಇಲ್ಲ. ಮೇಜಿನ ಮೇಲಿದ್ದ ಪ್ರಶ್ನೆಗಳ ಹಾಳೆಯನ್ನು ತನ್ನತ್ತ ತಿರುಗಿಸಿ, ಓದಲು ಬಾರದಿದ್ದರೂ ನೇರವಾಗಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. 'ಸಾಯಬೇಕೆಂಬ ಯೋಚನೆ ಬರುತ್ತದೆಯೇ?' ಅದಕ್ಕೆ ಹೌದು ಎಂದರೆ ಆ ಕ್ಷಣವೇ ದುಭಾಷಿಗೆ ಫೋನು ಹೋಗುತ್ತದೆ ಎನ್ನುವುದನ್ನು ಒಳಗಿನವರು ಯಾರೋ ಹೇಳಿಕೊಟ್ಟಿದ್ದರು. ಆಮೇಲೆ ಏನಾಗುತ್ತದೆ ಎನ್ನುವುದನ್ನು ಹೇಳಿಕೊಟ್ಟಿರಲಿಲ್ಲ.

ಅವಳು ಕಾರ್ಡನ್ನು ಪಕ್ಕಕ್ಕೆ ಸರಿಸಿದಳು. ಫೋನು ಹಚ್ಚಿದಳು. ಅಜ್ಜಿಯ ದನಿ ಕೇಳಿದ್ದೇ ಆತನ ಮುಖ ದೀಪ ಹಚ್ಚಿದಂತಾಯಿತು.

"ಮೇಡಮ್ಮಾ, ಹೌದು ಅಂದ," ಎಂದಳು ಅಜ್ಜಿ. ಹಿಂದೆಯೇ, "ಆದ್ರೆ ನಗ್ತಾ ಅಂದ. ಇದನ್ನ ಹೌದು ಅಂತ ಬರ್ಕೋಬೇಕೋ ಬೇಡ್ವೋ ನೀವೇ ನೋಡಿ," ಎಂದಳು.

ಹಾಳೆಯಲ್ಲಿ ಹೌದು, ಇಲ್ಲ ಎಂಬ ಎರಡೇ ಮನೆಗಳಿದ್ದವು. ಹೌದು ಎಂದ ಒಬ್ಬನನ್ನು ಹಿಂದೊಮ್ಮೆ ಲಘುವಾಗಿ ಕಂಡು ಕೈಸುಟ್ಟುಕೊಂಡ ಕೇಂದ್ರವದು. ಅವಳು ಹೌದಕ್ಕೆ ಗುರುತು ಹಾಕಿದಳು. ಬೀಗದಣ್ಣನೂ ಇನ್ನಿಬ್ಬರೂ ಬಂದು ಆತನನ್ನು ನಿಗಾ ಕೋಣೆಗೆ ಕರೆದೊಯ್ದರು. ಬಾಗಿಲು ದಾಟುವಾಗ ಆತ ಫೋನಿನ ಕಡೆ ತಿರುಗಿ ಇನ್ನೂ ಏನೋ ಹೇಳುತ್ತಲೇ ಇದ್ದ.

ನಿಗಾ ಕೋಣೆಯಲ್ಲಿ ಜೊತೆಯವರಿಲ್ಲ. ಲಾಡಿಯ ಪೈಜಾಮ, ಹೊದಿಕೆ, ಎಲ್ಲ ತೆಗೆದುಕೊಂಡು ಹರಿಯಲಾಗದ ದಪ್ಪ ಅಂಗಿಯೊಂದನ್ನು ಕೊಡುತ್ತಾರೆ. ದೀಪ ಆರಿಸುವುದಿಲ್ಲ. ಫೋನಿಗೆ ತಂತಿ ಇರುವುದರಿಂದ ಫೋನೂ ಇಲ್ಲ. ಕಾಲು ಗಂಟೆಗೊಮ್ಮೆ ಕಾವಲಿನವನು ಕಿಂಡಿಯಲ್ಲಿ ನೋಡಿ ಹಾಳೆಯಲ್ಲಿ ಗುರುತು ಹಾಕುತ್ತಾನೆ. ಎಲ್ಲ ಅವರ ಜೀವ ಉಳಿಸಲಿಕ್ಕೇ.

ಮಂಗಳವಾರ ಅವಳ ಕೆಲಸ ಇನ್ನೊಂದು ಕೇಂದ್ರದಲ್ಲಿ. ಬುಧವಾರ ಬಂದು ಆ ಹಾಳೆಗಳನ್ನು ತೆಗೆದಳು. ದಿನಕ್ಕೆ ತೊಂಬತ್ತಾರು ಮನೆ. ಮೂರು ಪಾಳಿಯ ಮೂರು ಕೈಬರಹ, ಮಾತು ಮಾತ್ರ ಒಂದೇ: ಸುಮ್ಮನಿದ್ದಾನೆ. ಸುಮ್ಮನಿದ್ದಾನೆ. ಸುಮ್ಮನಿದ್ದಾನೆ. ನಡುವೆ ಎರಡು ಕಡೆ 'ಊಟ ಮುಟ್ಟಿಲ್ಲ'.

"ಯಾರಾದ್ರೂ ಮಾತಾಡಿಸಿದ್ರಾ?" ಎಂದು ಬೀಗದಣ್ಣನನ್ನು ಕೇಳಿದಳು.

"ನೋಡಬೇಕು ಅಂತ ಇದೆ ಮೇಡಂ. ಮಾತಾಡಿಸ್ಬೇಕು ಅಂತ ಎಲ್ಲಿದೆ?"

ಕಿಂಡಿಯಲ್ಲಿ ಇಣುಕಿದಳು. ಆತ ಗೋಡೆಗೆ ಮುಖ ಮಾಡಿ ಮುದುಡಿ ಮಲಗಿದ್ದ. ತಟ್ಟೆಯ ಅನ್ನ ಒಣಗಿ ಬಿರಿದಿತ್ತು. ಅವಳು ಬಾಗಿಲು ತಟ್ಟಿದರೂ ಹೆಗಲು ಅಲುಗಲಿಲ್ಲ. ಮೊನ್ನೆ ಆತ ಹೇಳಿದ ಹೌದು ಸುಳ್ಳಿದ್ದರೂ ಇವತ್ತು ಕೇಳಿದರೆ ಅದು ನಿಜವೇ ಎಂದು ಅವಳಿಗೆ ಗೊತ್ತಾಯಿತು. ಅದನ್ನು ನಿಜ ಮಾಡಿದ ಸಹಿ ತನ್ನದು.

ತನ್ನ ಕೋಣೆಗೆ ಬಂದು ಅಜ್ಜಿಗೆ ಫೋನು ಮಾಡಿದಳು. ಇದ್ದದ್ದನ್ನೆಲ್ಲ ಹೇಳಿದಳು. ಆ ಕಡೆ ಅಜ್ಜಿ ಕೋಳಿಗಳನ್ನು ಹುಶ್ ಎಂದು ದೂರ ಅಟ್ಟಿದಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನೀವು," ಎಂದಳು. "ನಗ್ತಾ ಅಂದ ಅಂತ ಹೇಳ್ಲಿಲ್ವಾ ನಾನು?"

"ಹೇಳಿದ್ರಿ. ಅಜ್ಜಿ, ಅಷ್ಟು ವಾರ ಏನು ಮಾತಾಡ್ತಿದ್ದ ಅವನು?"

"ಈಗ ಕೇಳ್ತೀರಾ? ನೀವು ಕೇಳಿದ್ದು ಕಾಯಿಲೆ, ನಾನು ಕಾಯಿಲೆ ಹೇಳ್ದೆ. ಅವ್ನು ಕೇಳ್ತಿದ್ದದ್ದು ನಮ್ಮ ಕಡೆ ಮಳೆ ಆಯ್ತಾ, ನನ್ನ ಕೋಳಿ ಎಷ್ಟು ಮರಿ ಮಾಡ್ತು, ನನ್ನ ಸೊಸೆ ಇನ್ನೂ ಮುನಿಸ್ಕೊಂಡೇ ಇದಾಳಾ ಅಂತ." ಅಜ್ಜಿ ಮೂಗೊರೆಸಿಕೊಂಡಳು. "ಎರಡು ಸೋಮವಾರ ಅವ್ನ ಫೋನ್ ಬರ್ಲಿಲ್ಲ ಅಂತ ನಾನೂ ಇಲ್ಲೇ ಕೂತಿದ್ದೆ. ನನ್ನ ಹತ್ರ ಯಾರಮ್ಮ ಸೊಸೆ ವಿಚಾರ ಕೇಳೋರು?"

ಸಂಯೋಜಕಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಬಾವಿ ತೋಡೋನು ಅವ್ನು," ಎಂದು ಅಜ್ಜಿಯೇ ಮುಂದುವರಿಸಿದಳು. "ಅವರಲ್ಲಿ ಒಂದು ಕ್ರಮ ಇದೆ. ಕೆಳಗೆ ಒಬ್ಬ ಅಗೀತಾ ಇದ್ರೆ, ಮೇಲೆ ಹಗ್ಗ ಹಿಡಿದೋನು ಗಳಿಗೆಗೊಂದ್ಸಲ ಕೂಗ್ಬೇಕು. ಕೆಳಗಿನವ್ನು ಓಗೊಡ್ಬೇಕು. ಕೆಳಗೆ ಗಾಳಿ ಕೆಟ್ಟಿದ್ರೆ ಅದರಿಂದಲೇ ಗೊತ್ತಾಗೋದು. ಬರೀ ಬಗ್ಗಿ ನೋಡಿದ್ರೆ ಬಾವಿ ಕತ್ತಲೇಲಿ ಏನು ಕಾಣ್ತದೆ? ಕೂಗದೆ ಎದ್ದು ಹೋದೋನನ್ನ ಮತ್ತೆ ಯಾರೂ ಕೆಲ್ಸಕ್ಕೆ ಕರೆಯಲ್ವಂತೆ."

"ಏನಂತ ಕೂಗ್ತಾರೆ?"

ಅಜ್ಜಿ ಹೇಳಿದಳು. ಇದ್ದೀಯಾ ಎಂದು ಅರ್ಥವಂತೆ, ಒಂದು ಗುಟುಕಿನಷ್ಟು ಚಿಕ್ಕ ಮಾತು. ಸಂಯೋಜಕಿ ನಾಲ್ಕು ಸಲ ಹೇಳಿ ಕಲಿತಳು.

"ನಿಮ್ಮ ಬಾಯಲ್ಲಿ ಅದು ಕುರಿ ಕೆಮ್ಮಿದ ಹಾಗಿದೆ," ಎಂದಳು ಅಜ್ಜಿ. "ಇರ್ಲಿ, ಹೋಗಿ. ಕುರಿ ಕೆಮ್ಮಿದ್ರೂ ಮನುಷ್ಯ ತಿರುಗಿ ನೋಡ್ತಾನೆ."

ಅವಳು ಒಂದು ಸ್ಟೂಲು ಹಿಡಿದು ನಿಗಾ ಕೋಣೆಯ ಬಾಗಿಲಿಗೆ ಬಂದಳು. ಕಾವಲಿನವನ ಕೈಯಿಂದ ಹಾಳೆ ತೆಗೆದುಕೊಂಡಳು. ಕಿಂಡಿಗೆ ಬಾಯಿ ಹಚ್ಚಿ ಕೂಗಿದಳು. ಉತ್ತರವಿಲ್ಲ. ಹಾಳೆಯಲ್ಲಿ 'ಕರೆದೆ. ಉತ್ತರ ಇಲ್ಲ' ಎಂದು ಬರೆದಳು. ಕಾಲು ಗಂಟೆ ಬಿಟ್ಟು ಮತ್ತೆ. ಹಾದುಹೋಗುವ ಕಾವಲಿನವರು ಮುಖ ಮುಖ ನೋಡಿಕೊಂಡರು. ಮೇಡಂಗೂ ಒಂದು ಕಾರ್ಡು ಕೊಡಿ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅವಳಿಗೆ ಅಪ್ಪನ ನೆನಪಾಯಿತು. ಕರು ಹಾಕಲಾಗದೆ ಒದ್ದಾಡುವ ಹಸುವಿನ ಪಕ್ಕದಲ್ಲಿ ಅವರು ಕುಕ್ಕುರುಗಾಲಲ್ಲಿ ಕೂತು, ಬಾಯಿಗೆ ಬಂದದ್ದನ್ನು, ಬೇಲಿಯ ವಿಚಾರ, ಪಕ್ಕದ ಹೊಲದವನ ಜಿಪುಣತನ, ಮಾತಾಡುತ್ತಲೇ ಇರುತ್ತಿದ್ದರು. ಹಸುವಿಗೆ ಅರ್ಥವಾಗುತ್ತಾ ಎಂದು ಕೇಳಿದ್ದಕ್ಕೆ, "ನಾನು ಎದ್ದುಹೋಗಿಲ್ಲ ಅನ್ನೋದು ಅರ್ಥ ಆಗ್ತದಲ್ಲ," ಎಂದಿದ್ದರು.

ಆರು ಮನೆಗಳಲ್ಲಿ 'ಉತ್ತರ ಇಲ್ಲ' ತುಂಬಿತು. ಏಳನೆಯ ಸಲ ಆತನ ತಲೆ ಕೊಂಚ ಎದ್ದಿತು. ಒಂಬತ್ತನೆಯದಕ್ಕೆ ಎದ್ದು ಕೂತು, ಬಾಗಿಲನ್ನೇ ದಿಟ್ಟಿಸಿದ. ಹತ್ತನೆಯ ಸಲ ಅವಳು ಕೂಗುವ ಮೊದಲೇ ಒಳಗಿನಿಂದ ಸವೆದ ದನಿಯೊಂದು ಬಂತು. ಏನೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಹಾಳೆಯಲ್ಲಿ ಬರೆದಳು: 'ಓಗೊಟ್ಟ'.

ಸಂಜೆ ಪಾಳಿ ಬದಲಾಗುವಾಗ ಬೀಗದಣ್ಣ ಬಂದು ಹಾಳೆ ಓದಿದ. ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡ. "ಆ ಮಾತು ನನಗೂ ಒಂಚೂರು ಹೇಳ್ಕೊಡಿ ಮೇಡಂ. ನೀವು ಮನೆಗೆ ಹೋಗ್ಬೇಕಲ್ಲ."

ಗುರುವಾರ ಡಾಕ್ಟರ ಮೇಜಿನ ಮೇಲೆ ಅವಳು ಒಂದು ವರದಿ ಇಟ್ಟಳು. ಡಾಕ್ಟರು ಓದುತ್ತ ಹೋಗಿ ಒಂದು ಸಾಲಿನಲ್ಲಿ ನಿಂತರು. 'ರೋಗಿಯ ಸ್ಥಿತಿ ಹದಗೆಡಲು ಕಾರಣ: ಇದ್ದೊಂದು ಮಾತಿನ ದಾರಿ ಮುಚ್ಚಿದ್ದು. ಮುಚ್ಚಿದವರು: ಸಂಯೋಜಕಿ.'

"ಇದು ಮೇಲಿನವರ ಕೈಗೆ ಹೋದ್ರೆ ನಿಮ್ಮ ಕೆಲಸಕ್ಕೇ ಕುತ್ತು," ಎಂದರು.

"ಹೋಗ್ಲಿ ಅಂತಾನೇ ಬರೆದದ್ದು ಸಾರ್."

"ಅವನಿಗೆ ವಾರಕ್ಕೆ ಅರ್ಧ ಗಂಟೆ ಮಾತು, ಅದೇ ಚಿಕಿತ್ಸೆ ಅಂತ ಬರೆದಿದೀರಿ. ಎಲ್ಲಿಂದ ತರ್ತೀರಿ? ಆ ಹೆಣ್ಣುಮಗಳಿಂದ ಕಿತ್ಕೊಳ್ತೀರಾ?"

ಬಾಗಿಲಲ್ಲಿ ನಿಂತಿದ್ದ ಬೀಗದಣ್ಣ ಗಂಟಲು ಸರಿಮಾಡಿಕೊಂಡ. "ಒಂದು ಮಾತು ಸಾರ್. ಅರ್ಧ ಗಂಟೆ ಫೋನ್ ಉಳಿಸೋಕೆ ಹೋಗಿ ನನ್ನ ಜನಾನ ಮೂರು ಪಾಳಿ ಬಾಗಿಲಿಗೆ ನಿಲ್ಲಿಸಿದ್ವಿ. ನಾಟಕ ಅಂದೋನು ನಾನೇ. ದುಭಾಷಿಗೆ ವಾರಕ್ಕೆ ಐದನೇ ಗಂಟೆ ಕೇಳಿ ಮೇಲಿನವರಿಗೆ ಬರೀರಿ, ಕೆಳಗೆ ನಾನೂ ರುಜು ಹಾಕ್ತೀನಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಹೊಡೆದುಹಾಕುತ್ತಾರೆ ಎಂದುಕೊಂಡಳು ಸಂಯೋಜಕಿ. ಅವರು ಅವಳ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಹಾಗೆ ಮಾಡಲು ಸಲಹೆ ಕೊಟ್ಟವರು: ವೈದ್ಯರು.' ಆಮೇಲೆ ನಿಗಾ ಕೋಣೆಯ ಕಡೆಗೆ ನಡೆದರು.

ಐದನೇ ಗಂಟೆಯ ಅರ್ಜಿಗೆ ಉತ್ತರ ಬರಲು ಎಷ್ಟು ದಿನ ಬೇಕೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಸೋಮವಾರ ಅಜ್ಜಿಯೇ ಫೋನು ಮಾಡಿದಳು. ಅದು ಯಾವ ಪಟ್ಟಿಯ ಗಂಟೆಯೂ ಅಲ್ಲ, ತನ್ನ ಗಂಟೆ ಎಂದಳು. ಹಿಂದಿನ ದಿನ ಸಾಮಾನ್ಯ ಕೋಣೆಗೆ ಮರಳಿದ್ದ ಆತ ಬಂದು ಕುರ್ಚಿಯ ತುಂಬ ಕೂತ. ಸಂಯೋಜಕಿ ಏನೂ ಕೇಳಲಿಲ್ಲ. ಅವನ ಕೈಗೆ ಫೋನು ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು. ಹಿಂದೆ ಮಾತು ಹರಿಯಿತು, ನಿಂತಿತು, ಮತ್ತೆ ಹರಿಯಿತು. ಒಮ್ಮೆ ಆತ ಅತ್ತ ಹಾಗೂ ಕೇಳಿಸಿತು. ಅವಳು ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಆತ ಸ್ಪೀಕರಿನ ಗುಂಡಿ ಒತ್ತಿದ.

"ಮೇಡಮ್ಮಾ," ಎಂದಳು ಅಜ್ಜಿ, "ಇವ್ನು ನಿಮ್ಮನ್ನೇ ಒಂದು ಮಾತು ಕೇಳ್ತಾನೆ. ಸಂಜೆ ಮನೆಗೆ ಹೋದ್ರೆ ನಿಮ್ಮನ್ನ ಕೂಗೋರು ಯಾರಿದಾರೆ ಅಂತ."

ಹನ್ನೊಂದು ವರ್ಷ ಆ ಮೇಜಿನ ಈಚೆ ಕೂತು ಅವಳೇ ಕೇಳಿದ್ದಳು. ಆಚೆಯಿಂದ ಪ್ರಶ್ನೆ ಬಂದದ್ದು ಇದೇ ಮೊದಲು.

"ತಂಗಿ ಒಬ್ಬಳಿದಾಳೆ ಅಂತ ಹೇಳಿ," ಎಂದಳು. "ದೂರದಲ್ಲಿ. ಫೋನ್ ಮಾಡೋದು ನಿಲ್ಲಿಸಿ ವರ್ಷ ಆಯ್ತು."

ಅಜ್ಜಿ ಹೇಳಿದಳು. ಆತ ಚಿಕ್ಕದಾಗಿ ಏನೋ ಕೇಳಿದ.

"ಯಾಕೆ ಅಂತಾನೆ."

ಸಂಯೋಜಕಿ ಕುರ್ಚಿ ಎಳೆದುಕೊಂಡು ಆತನ ಪಕ್ಕದಲ್ಲೇ ಕೂತಳು. "ಅವಳು ಕೇಳಿದಾಗಲೆಲ್ಲ ಚೆನ್ನಾಗಿದೀನಿ ಅಂತ ಹೇಳಿ ಫೋನ್ ಇಡ್ತಿದ್ದೆ. ಅವಳಿಗೂ ಬೇಜಾರಾಗಿರ್ಬೇಕು."

ಬಾಗಿಲು ತೆರೆದು ಬೀಗದಣ್ಣ ತಲೆ ಹಾಕಿದ. "ಮುಗೀತಾ ಮೇಡಂ?"

"ಇನ್ನೂ ಎಂಟು ನಿಮಿಷ ಇದೆ."

ಅವನು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು, ಬೀಗ ಹಾಕದೆ, ಹೊರಗೆ ಕಾದು ನಿಂತ.