ಕಂಬ ತಬ್ಬಿ ನಿಂತ ದೊಡ್ಡಬಸಪ್ಪ

ಕುರುಗೋಡಿನ ದೊಡ್ಡಬಸಪ್ಪನ ಪಡಸಾಲೆಯಲ್ಲಿ ನಾಲ್ಕು ಮರದ ಕಂಬ. ಮೂರು ನೆಟ್ಟಗಿದ್ದವು, ನಾಲ್ಕನೆಯದು ಸೊಂಟ ಹಿಡಿದ ಮುದುಕನಂತೆ ನಡುವಿನಲ್ಲಿ ಬಾಗಿತ್ತು. ಕಟ್ಟಿಸಿದ ಪುಣ್ಯಾತ್ಮ ತೋಳಿನಷ್ಟು ಸಣ್ಣ ಕಂಬ ನಿಲ್ಲಿಸಿ ಮೇಲೆ ಮಣ್ಣಿನ ಮಾಳಿಗೆ ಹೇರಿದ್ದ. ಮಾಳಿಗೆ ಬಿದ್ದರೆ ಬೀಳಲಿ ಎನ್ನಬಹುದಿತ್ತು. ಆದರೆ ಮನೆತನ ನೋಡಲು ಬಂದ ಹೆಣ್ಣಿನವರು ಮೊದಲು ಹುಡುಗನ ಮುಖ ನೋಡುತ್ತಾರೆಯೇ? ಕಂಬ ತಟ್ಟಿ ನೋಡುತ್ತಾರೆ. ಹೀಗೆ ಎರಡು ಸಂಬಂಧ ತಪ್ಪಿ, ಮಗ ಉಜ್ಜಿನಪ್ಪನಿಗೆ ಮೂವತ್ತೆರಡು ತುಂಬಿತ್ತು. ಮಗನ ನರೆತ ಕೂದಲು ಕಂಡಾಗಲೆಲ್ಲ ಅಪ್ಪ ಹೋಗಿ ಆ ಕಂಬ ತಟ್ಟಿ ನೋಡುತ್ತಿದ್ದ.

ಎಪ್ಪತ್ತೆಂಟನೇ ಇಸವಿಯ ಒಂದು ಸೋಮವಾರ ಮತ್ತೊಂದು ಹೆಣ್ಣಿನ ತಂದೆ, ಸಿರುಗುಪ್ಪದ ಕೊಟ್ಟೂರಪ್ಪ ಮನೆ ನೋಡಲು ಬರುವವರಿದ್ದರು. ಅಂದು ಹೊತ್ತು ಮೂಡುವ ಮೊದಲೇ ಬಡಿಗ ಕಾಡಸಿದ್ದಪ್ಪ ಬಳ್ಳಾರಿಯಿಂದ ತಂದಿದ್ದ ಎರಡು ಡಬ್ಬಿ ಅಂಟು, ನಾಲ್ಕು ಉಕ್ಕಿನ ಪಟ್ಟಿ ಹಿಡಿದು ಬಂದ. ಜಾಕಿ ಕೊಟ್ಟು ತೊಲೆ ಎತ್ತಿದ. ಕಂಬ ನೆಟ್ಟಗಾಯಿತು. ಸುತ್ತ ಪಟ್ಟಿ ಅಂಟಿಸಿದ.

"ಅಂಟು ಹತ್ತೂತನ ತಬ್ಬಿಕೊಂಡು ನಿಂದ್ರರಿ ಯಜಮಾನ್ರ. ಅಳ್ಳಾಡಬ್ಯಾಡ್ರಿ," ಎಂದು ಹೇಳಿ ಮನೆಗೆ ಹೋದ.

ದೊಡ್ಡಬಸಪ್ಪ ತಬ್ಬಿದ. ಹೆಂಡತಿ ಗುರುಬಸಮ್ಮನನ್ನೂ ಅವನು ಒಂದು ದಿನವೂ ಅಷ್ಟು ಹೊತ್ತು ತಬ್ಬಿದವನಲ್ಲ. ಚಹಾ ಕುಡಿಸಿದರು, ಮೂಗು ಒರೆಸಿದರು, ಮಧ್ಯಾಹ್ನದವರೆಗೂ ಅವನು ಬಿಡಲಿಲ್ಲ.

ಮಧ್ಯಾಹ್ನ ಕಾಡಸಿದ್ದಪ್ಪ ಬಂದು ಜಾಕಿ ಇಳಿಸಿದ. ಕಂಬ ಮತ್ತೆ ಬಾಗಿತು. ಪಟ್ಟಿಗಳು ಮರ ಬಿಟ್ಟವು, ದೊಡ್ಡಬಸಪ್ಪನ ಅಂಗಿ, ಧೋತರ ಬಿಡಲಿಲ್ಲ.

"ಕಂಬಕ್ಕ ಏನ್ ಹಚ್ಚೀರಿ?" ಎಂದ ಬಡಿಗ.

"ಹರಳೆಣ್ಣಿ. ಬೀಗರು ಬರ್ತಾರಂದ್ರ ಕಂಬ ತಿಕ್ಕದ ಬಿಡ್ತೀನೇನು?" ಎಂದಳು ಗುರುಬಸಮ್ಮ.

ಅಷ್ಟರಲ್ಲಿ ಕೊಟ್ಟೂರಪ್ಪ ಹೊಸ್ತಿಲು ದಾಟಿದರು. ಕಾಲಿಗೆ ನೀರು ಕೊಡಬೇಕಾದ ಯಜಮಾನ ಎದೆಯಿಂದ ಮೊಣಕಾಲಿನವರೆಗೆ ಉಕ್ಕು ಹೊತ್ತು ನಿಂತಿದ್ದ, ಬಗ್ಗಲಾರ. ಮುಗೀತು, ಮಗನ ಮದುವೆ ಇನ್ನು ಆದಂತೆಯೇ ಎಂದುಕೊಂಡ. ಕೊಟ್ಟೂರಪ್ಪ ಡೊಂಕು ಕಂಬವನ್ನು ನೋಡಿದರು, ಅವನನ್ನು ನೋಡಿದರು, ಕಂಬ ತಟ್ಟಿದರು. ಆಮೇಲೆ ಕಂಬಳಿಯ ಮೇಲೆ ಕೂತರು.

"ನಿಮ್ಮದು ಒಂದೇ ಅಲ್ರಿ? ನಮ್ಮನ್ಯಾಗ ಆರೂ ಡೊಂಕು. ನೀವು ನೋಡಾಕ ಬರ್ತೀರಂತ ಸುತ್ತ ನೆಲ್ಲಿನ ಚೀಲ ಒಟ್ಟಿ ಮುಚ್ಚಿ ಬಂದೀನಿ. ಎಲಿ ಅಡಿಕಿ ತರಸ್ರಿ."

ದೊಡ್ಡಬಸಪ್ಪನಿಗೆ ಅಳು ಬಂತು. ಕೂತು ಅಳೋಣವೆಂದರೆ ಪಟ್ಟಿ ಬಿಡಲಿಲ್ಲ. ನಿಂತೇ ಅತ್ತ, ನಿಂತೇ ಎಲೆ ಅಡಿಕೆ ಬದಲಾಯಿಸಿದ.